ಜ್ವರದ ನಂತರ ಕೂದಲು ಉದುರುತ್ತಿದೆ, ಸೀಗೆಕಾಯಿ ಸಾಕಾ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನಮ್ಮೂರು ತೀರ್ಥಹಳ್ಳಿ ಕಡೆ, ಈಗ ಬೆಂಗಳೂರಿನಲ್ಲಿದ್ದೇನೆ. ಮೂರು ತಿಂಗಳ ಹಿಂದೆ ಡೆಂಗಿ ಬಂದಿತ್ತು. ಈಗ ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಅಮ್ಮ ಊರಿಂದ ಸೀಗೆಪುಡಿ ಕಳಿಸಿದ್ದಾರೆ, ಶಾಂಪೂ ಬಿಡು ಅಂತಾರೆ. ಫೋನ್ ತೆರೆದರೆ 'ದಟ್ಟ ಕಾಡಿನ ಮೂಲಿಕೆ ಎಣ್ಣೆ' ಜಾಹೀರಾತು. ಯಾವುದನ್ನು ನಂಬಲಿ?

ಉತ್ತರ (ಚರ್ಮವೈದ್ಯೆ): ಗಾಬರಿ ಬೇಡ. ಜೋರು ಜ್ವರ ಬಂದು ಎರಡು-ಮೂರು ತಿಂಗಳಿಗೆ ಹೀಗೆ ಉದುರುವುದು ಸಾಮಾನ್ಯ. ಜ್ವರದ ಹೊಡೆತಕ್ಕೆ ಬಹಳಷ್ಟು ಕೂದಲು ಒಟ್ಟಿಗೇ ಬೆಳವಣಿಗೆ ನಿಲ್ಲಿಸಿ, ಆಮೇಲೆ ಒಟ್ಟಿಗೇ ಕಳಚುತ್ತವೆ. ಬುಡ ಸತ್ತಿರುವುದಿಲ್ಲ. ಹೆಚ್ಚಿನವರಿಗೆ ಆರು ತಿಂಗಳೊಳಗೆ ನಿಲ್ಲುತ್ತದೆ. ಆ ಹೊತ್ತಿಗೆ ಯಾವ ಎಣ್ಣೆ ಹಚ್ಚುತ್ತಿರುತ್ತೀರೋ ಅದಕ್ಕೆ ಹೆಸರು ಬರುತ್ತದೆ, ಅಷ್ಟೇ!

ಸೀಗೆಯ ವಿಷಯ ಬೇರೆ. ಅದು ಘಟ್ಟದ ಕಾಡಿನಲ್ಲಿ ಮರಕ್ಕೆ ಹಬ್ಬುವ ಮುಳ್ಳುಬಳ್ಳಿ. ಅದರ ಕಾಯಿಯಲ್ಲಿ ಸಾಪೊನಿನ್ ಇದೆ, ಅಂಟುವಾಳದಲ್ಲಿ ಇರುವುದೂ ಅದೇ. ನೀರಿನಲ್ಲಿ ನೊರೆ ಕಟ್ಟಿ ಜಿಡ್ಡು ತೆಗೆಯುತ್ತದೆ. ಕೂದಲು ತೊಳೆಯುತ್ತದೆಯೇ ಹೊರತು ಬೆಳೆಸುವುದಿಲ್ಲ. ದಾಸವಾಳದ ಸೊಪ್ಪು ಕಿವುಚಿ ಲೋಳೆ ತೆಗೆದು ಹಚ್ಚುತ್ತಾರಲ್ಲ, ಅದೂ ಹಾಗೇ. ಕೂದಲು ನುಣುಪಾಗುತ್ತದೆ, ಸಿಕ್ಕು ಸಲೀಸಾಗಿ ಬಿಡುತ್ತದೆ. ಊರಿಗೆ ಹೋದಾಗ ನಾನೂ ಹಚ್ಚಿಕೊಳ್ಳುತ್ತೇನೆ.

ಅಮ್ಮ ಕಳಿಸಿದ್ದು ಧಾರಾಳವಾಗಿ ಬಳಸಿ. ಅಂಗಡಿಯಿಂದ ತರುವುದಾದರೆ ಮಾತ್ರ ಪುಡಿ ಬೇಡ, ಇಡೀ ಕಾಯಿ ತನ್ನಿ. ಪುಡಿಯಲ್ಲಿ ಏನು ಬೆರೆತಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿಕಾಯಿ ಜೊತೆ ಸೀಗೆ, ಅಂಟುವಾಳವನ್ನೂ ಕಾಡಿನಿಂದ ಆಯ್ದು ಮಾರಿದವರು. ಅಂಥವರಿಂದ ಸಿಕ್ಕರೆ ಇನ್ನೂ ಒಳ್ಳೆಯದು.

ಇನ್ನೊಬ್ಬರು: ಮೇಡಂ, ನನಗೆ ಸೀಗೆ ಹಾಕಿದರೆ ಕಣ್ಣುರಿ, ತಲೆ ಒಣಒಣ. ಹೊಟ್ಟೂ ಜಾಸ್ತಿ. ರಾತ್ರಿಯಿಡೀ ಎಣ್ಣೆ ಬಿಡಲಾ?

ಉತ್ತರ: ಬೇಡ. ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರಕ್ಕೆ ಎಣ್ಣೆಯೇ ಊಟ, ನೀವು ಬಡಿಸಿದ ಹಾಗಾಗುತ್ತದೆ. ಕೀಟೊಕೊನಜೋಲ್ ಶಾಂಪೂ ವಾರಕ್ಕೆ ಎರಡು ಸಲ ಹಾಕಿ, ಐದು ನಿಮಿಷ ಬಿಟ್ಟು ತೊಳೆಯಿರಿ. ಸೀಗೆ ಬೇಕೇ ಬೇಕು ಅಂದರೆ ಹೊಟ್ಟು ಇಳಿದ ಮೇಲೆ. ನೆನೆಸಿ, ಬಟ್ಟೆಯಲ್ಲಿ ಸೋಸಿ, ತಿಳಿಯನ್ನಷ್ಟೇ ಗಂಜಿ ತಿಳಿಗೆ ಬೆರೆಸಿ. ಕಣ್ಣಿಗೆ ಬಿದ್ದರೆ ಕೂಡಲೇ ನೀರಿನಿಂದ ಚೆನ್ನಾಗಿ ತೊಳೆಯಿರಿ.

ಮೊದಲು ಕೇಳಿದವರಿಗೆ: ಆರು ತಿಂಗಳು ಕಳೆದರೂ ಉದುರುತ್ತಿದ್ದರೆ, ಇಲ್ಲವೇ ದುಂಡಗೆ ಬೋಳಾದರೆ ಬಂದು ತೋರಿಸಿ. ಕಬ್ಬಿಣಾಂಶ, ಥೈರಾಯ್ಡ್ ನೋಡಬೇಕಾಗುತ್ತದೆ.