ಅಪ್‌ಡೇಟ್: ಗೆಕ್ಕೊ ಗೂಡಿಗೆ ಕೊನೆಗೂ ಪ್ಲೈವುಡ್ಡೇ

ನಾನು ಸಾಕಿರುವ ಲೆಪರ್ಡ್ ಗೆಕ್ಕೊಗೆ (ಒಂದು ಬಗೆಯ ಹಲ್ಲಿ) ನಾನೇ ಗೂಡು ಮಾಡಬೇಕು, ಪ್ಲೈವುಡ್ ಬೇಕಾ, ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಸಾಕಾ ಅಂತ ಕೇಳಿದ್ದೆನಲ್ಲ, ಪ್ಲೈವುಡ್ಡೇ ತಂದೆ. ಎಂಡಿಎಫ್ ಅಗ್ಗ ನಿಜ, ಆದರೆ ನೀರು ತಾಗಿದರೆ ಅಂಚು ಉಬ್ಬಿಕೊಳ್ಳುತ್ತದೆ. ಸೀಡರ್ ಮರವಂತೂ ಬೇಡವೇ ಬೇಡ, ಅದರ ಎಣ್ಣೆಯ ಘಾಟು ಈ ಪ್ರಾಣಿಗಳಿಗೆ ಆಗಿಬರುವುದಿಲ್ಲ.

ಒಳಗೆಲ್ಲ ವಾಟರ್-ಬೇಸ್ಡ್ ಪಾಲಿಯುರೆಥೇನ್ ವಾರ್ನಿಷ್ ಬಳಿದೆ. ಸಂದುಗಳಿಗೆ ಅಕ್ವೇರಿಯಂ ಸಿಲಿಕೋನ್, ಅಂದರೆ ಮೀನಿನ ತೊಟ್ಟಿಗೆ ಹಚ್ಚುವ ಅಂಟು. ಸ್ನಾನದ ಮನೆಗೆ ಹಚ್ಚುವ ಸಿಲಿಕೋನ್‌ನಲ್ಲಿ ಬೂಷ್ಟು ತಡೆಯುವ ಮದ್ದಿರುತ್ತದೆ, ಅದು ಬೇಡ. ಅಕ್ವೇರಿಯಂ ಸಿಲಿಕೋನ್ ಹಚ್ಚಿದಾಗ ವಿನೆಗರ್ ವಾಸನೆ ಮೂಗಿಗೆ ಹೊಡೆಯಿತು! ಅದು ಪೂರ್ತಿ ಹೋಗುವವರೆಗೆ ಗೆಕ್ಕೊ ಹಳೇ ಡಬ್ಬದಲ್ಲೇ ಇತ್ತು.

ಮುಂದೆ ಜಾರಿಸುವ ಗಾಜು. ಅಕ್ರಿಲಿಕ್ ಹಗುರ, ಆದರೆ ಬೇಗ ಗೀರು ಬೀಳುತ್ತದೆ, ಬಿಸಿಗೆ ಬಾಗುತ್ತದೆ. ಗಾಳಿಗೆ ಒಂದು ಬದಿ ಕೆಳಗೆ, ಇನ್ನೊಂದು ಬದಿ ಮೇಲೆ ಜಾಲರಿ. ಈಗ ಬಿಸಿ ಕಡೆ 32 ಡಿಗ್ರಿ, ತಂಪು ಕಡೆ 25. ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಕೊಳ್ಳಲು ಸುಮ್ನೆ ಜಿಪುಣತನ ಮಾಡಬೇಡಿ.