ಹಳೆಯ ಕಾಸ್ಟ್ಯೂಮ್ ನೆಕ್ಲೇಸ್ ಕೊಳ್ಳುವಾಗ ಏನೇನು ನೋಡಬೇಕು? ಅನುಭವ ಇದ್ದವರು ಹೇಳಿ

ಪ್ರಶ್ನೆ (ನ್ಯೂಜೆರ್ಸಿಯಿಂದ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಎಸ್ಟೇಟ್ ಸೇಲ್‌ಗಳಲ್ಲಿ (ತೀರಿಕೊಂಡವರ ಮನೆಯ ಸಾಮಾನು ಮಾರುವಲ್ಲಿ), ಹಳೇ ಸಾಮಾನಿನ ಸಂತೆಗಳಲ್ಲಿ 1940, 50ರ ದಶಕದ್ದು ಅಂತ ಹೇಳಿ ಕಾಸ್ಟ್ಯೂಮ್ ನೆಕ್ಲೇಸ್‌ಗಳನ್ನು, ಅಂದರೆ ಗಾಜು, ಸಾಧಾರಣ ಲೋಹದಲ್ಲಿ ಮಾಡಿದ ಸರಗಳನ್ನು ಮಾರುತ್ತಾರೆ. ಚಿನ್ನ ಇಲ್ಲ, ವಜ್ರ ಇಲ್ಲ, ಆದರೂ ಒಂದಕ್ಕೆ 20 ಡಾಲರ್, ಪಕ್ಕದ್ದಕ್ಕೆ 300. ಯಾಕೆ ಇಷ್ಟು ವ್ಯತ್ಯಾಸ? ನಿಜವಾಗಿ ಹಳೆಯದೇ ಅಂತ ಗೊತ್ತುಮಾಡಿಕೊಳ್ಳುವುದು ಹೇಗೆ? ಡ್ರೆಸ್‌ಗೂ ಸೀರೆಗೂ ಹಾಕಿಕೊಳ್ಳಬೇಕು ಅಂತ ಆಸೆ, ಬೀರುವಿನಲ್ಲಿ ಇಡೋದಕ್ಕಲ್ಲ.

ಬಾಸ್ಟನ್ ಹತ್ತಿರದಿಂದ

ಮೊದಲು ನೆಕ್ಲೇಸ್ ಮಗುಚಿ ಹಿಂಭಾಗ ನೋಡಿ. ಮುಂದೆ ಹೊಳಪು ಎಲ್ಲದಕ್ಕೂ ಇರುತ್ತದೆ, ಕಾಲ ಯಾವುದು ಅಂತ ಹೇಳೋದು ಹಿಂಭಾಗ ಮತ್ತು ಕೊಕ್ಕೆ. ಒಂದು ಸಣ್ಣ ಭೂತಗನ್ನಡಿ ಪರ್ಸಿನಲ್ಲಿ ಇರಲಿ.

ಕಂಪನಿಯ ಹೆಸರು ಹೆಚ್ಚಾಗಿ ಕೊಕ್ಕೆಯ ಮೇಲೋ ಸರಪಳಿಯ ತುದಿಯ ಪುಟ್ಟ ಬಿಲ್ಲೆಯ ಮೇಲೋ ಇರುತ್ತದೆ. ತೊಂದರೆ ಏನಂದರೆ, ಮೊದಲು ಮುರಿದು ಬದಲಾಗುವ ಭಾಗವೂ ಕೊಕ್ಕೆಯೇ. ಹಾಗಾಗಿ ಹೆಸರು ಸಿಕ್ಕಿತು ಅಂತ ತಕ್ಷಣ ದುಡ್ಡು ತೆಗೆಯಬೇಡಿ, ಕೊಕ್ಕೆಯ ಬಣ್ಣವೂ ಸವೆತವೂ ಉಳಿದ ಸರಕ್ಕೆ ಹೊಂದುತ್ತದಾ ನೋಡಿ. 50ರ ದಶಕದ ಗಿಡ್ಡ ನೆಕ್ಲೇಸ್‌ಗಳಲ್ಲಿ ಒಂದು ಕಡೆ ಬಾಗಿದ ಕೊಕ್ಕೆ, ಇನ್ನೊಂದು ಕಡೆ ಬೇಕಾದಷ್ಟು ಉದ್ದಕ್ಕೆ ಸಿಕ್ಕಿಸಿಕೊಳ್ಳೋ ಸಣ್ಣ ಸರಪಳಿ ಇರೋದು ತುಂಬ ಸಾಮಾನ್ಯ. ಈಗಿನ ಸರಗಳಲ್ಲೆಲ್ಲ ಕಾಣುವ ಲಾಬ್‌ಸ್ಟರ್ ಕೊಕ್ಕೆ ಇದ್ದು, "1940ರದ್ದು" ಅಂದರೆ ಕೊಕ್ಕೆ ಆಮೇಲೆ ಹಾಕಿದ್ದು, ಇಲ್ಲವೇ ಸರವೇ ಹೊಸದು.

ಗುರುತುಗಳಲ್ಲಿ ನಾನು ಹೆಚ್ಚು ನಂಬೋದು ಮೂರು ನಾಲ್ಕನ್ನು. ವೃತ್ತದೊಳಗೆ ಸಿ ಅಕ್ಷರ, ಅಂದರೆ ಕಾಪಿರೈಟ್ ಚಿಹ್ನೆ ಇದ್ದರೆ ಸಾಮಾನ್ಯವಾಗಿ 1955ರಿಂದ ಈಚೆಗಿನದು. ಆ ವರ್ಷ ಕಾಸ್ಟ್ಯೂಮ್ ಒಡವೆ ಮಾಡುತ್ತಿದ್ದ ಅಮೆರಿಕದ ಟ್ರಿಫಾರಿ ಕಂಪನಿ ತನ್ನ ವಿನ್ಯಾಸ ನಕಲು ಮಾಡಿದರು ಅಂತ ನ್ಯೂಯಾರ್ಕ್‌ನಲ್ಲಿ ಮೊಕದ್ದಮೆ ಗೆದ್ದಿತು, ಕಾಸ್ಟ್ಯೂಮ್ ಒಡವೆಯೂ ಕಲಾಕೃತಿಯೇ ಅಂತ ಕೋರ್ಟು ಒಪ್ಪಿತು. ಅಲ್ಲಿಂದ ಬೇರೆ ಕಂಪನಿಗಳೂ ಆ ಚಿಹ್ನೆ ಒತ್ತೋಕೆ ಶುರುಮಾಡಿದವು. "ಸ್ಟರ್ಲಿಂಗ್" (ಅಂದರೆ ಬೆಳ್ಳಿ) ಅಂತ ಒತ್ತಿ ಮೇಲೆ ಚಿನ್ನದ ನೀರು ಕೊಟ್ಟಿದ್ದರೆ ಅದು ಯುದ್ಧಕಾಲದ್ದಿರಬಹುದು: 1942ರಲ್ಲಿ ತವರದಂಥ ಲೋಹಗಳನ್ನು ಯುದ್ಧಕ್ಕೆ ಮೀಸಲಿಟ್ಟಾಗ ಒಡವೆ ಕಂಪನಿಗಳು ಬೆಳ್ಳಿಗೆ ಹೋದವು. ಯುರೋಪಿನಿಂದ ಹರಳು ಬರೋದೂ ನಿಂತಿತ್ತು. ಆ ಕಾಲದ ಒಡವೆಗಳಲ್ಲಿ ಲೋಹ ಹೆಚ್ಚು, ಹರಳು ಕಮ್ಮಿ ಇರೋದು ಅದಕ್ಕೇ. "ವೆಸ್ಟ್ ಜರ್ಮನಿ" ಅಂತಿದ್ದರೆ 1949ಕ್ಕೆ ಮುಂಚಿನದಲ್ಲ. "ಆಕ್ಯುಪೈಡ್ ಜಪಾನ್" (ಯುದ್ಧದ ನಂತರ ಅಮೆರಿಕದವರ ಹಿಡಿತದಲ್ಲಿದ್ದ ಜಪಾನ್) ಅಂದರೆ 1945ರಿಂದ 52ರೊಳಗೆ.

ಹೆಸರೇ ಇಲ್ಲದಿದ್ದರೂ ಕೆಳಗಿಟ್ಟು ಹೋಗಬೇಡಿ. 300 ಡಾಲರ್ ಯಾಕೆ ಅಂದಿರಲ್ಲ, ಒಂದು ಮಿರಿಯಂ ಹ್ಯಾಸ್ಕೆಲ್ ನೆಕ್ಲೇಸ್ ಕೈಗೆ ತೆಗೆದುಕೊಂಡು ನೋಡಿ. ಆಕೆ 1926ರಲ್ಲಿ ನ್ಯೂಯಾರ್ಕ್‌ನ ಮೆಕ್ಆಲ್ಪಿನ್ ಹೋಟೆಲಿನಲ್ಲಿ ಅಂಗಡಿ ತೆರೆದವರು, ವಿನ್ಯಾಸ ಫ್ರಾಂಕ್ ಹೆಸ್ ಅವರದು. ಪದಕದ ತಳಕ್ಕೆ ಜಾಲರಿಯಂಥ ಹಿತ್ತಾಳೆ ತಗಡು. ಸಾಸಿವೆ ಗಾತ್ರದ ಒಂದೊಂದು ಗಾಜಿನ ಮುತ್ತನ್ನೂ ಕೂದಲಷ್ಟು ಸಣ್ಣ ತಂತಿಯಲ್ಲಿ ಆ ಜಾಲರಿಯ ತೂತಿಗೆ ಕೈಯಲ್ಲೇ ಬಿಗಿದಿರುತ್ತಾರೆ. ಅಂಟು ಕಾಣೋದಿಲ್ಲ. ತಂತಿಯ ತುದಿ ಚುಚ್ಚದ ಹಾಗೆ ಹಿಂದೆ ಇನ್ನೊಂದು ಜಾಲರಿ ಮುಚ್ಚಿರುತ್ತದೆ. ಬಣ್ಣ ಹೊಳೆಯೋ ಹಳದಿಯಲ್ಲ, ಮಂಕಾದ ಹಳೇ ಚಿನ್ನದ್ದು, ಅದನ್ನು ರಷ್ಯನ್ ಗೋಲ್ಡ್ ಅನ್ನುತ್ತಾರೆ. 1940ರ ದಶಕದ ಕೊನೆಯವರೆಗೆ ಅವರ ಹೆಚ್ಚಿನ ಒಡವೆಗಳ ಮೇಲೆ ಹೆಸರೇ ಇರಲಿಲ್ಲ. ಕೆಲಸ ಗುರುತಿಸೋಕೆ ಬಂದವರಿಗೆ ಅವು ಇವತ್ತಿಗೂ ಕಡಿಮೆ ಬೆಲೆಗೆ ಸಿಗುತ್ತವೆ.

ಮೇ, ಜುಲೈ, ಸೆಪ್ಟೆಂಬರ್‌ನಲ್ಲಿ ನಮ್ಮ ಮ್ಯಾಸಚೂಸೆಟ್ಸ್‌ನ ಬ್ರಿಮ್‌ಫೀಲ್ಡ್‌ನಲ್ಲಿ ಹಳೇ ಸಾಮಾನಿನ ಸಂತೆ ನಡೆಯುತ್ತದೆ. ಆಗ ಬನ್ನಿ, ನಗದು ತನ್ನಿ. ಪಕ್ಕದ ರೋಡ್ ಐಲೆಂಡ್‌ನ ಪ್ರಾವಿಡೆನ್ಸ್ ಹಿಂದೆ ಈ ಕಸುಬಿನ ದೊಡ್ಡ ಊರಾಗಿತ್ತು, ಕಾಸ್ಟ್ಯೂಮ್ ಒಡವೆಯ ಕೋರೋ ಕಂಪನಿಯ ಕಾರ್ಖಾನೆ ಇದ್ದದ್ದೂ ಅಲ್ಲೇ. ಹಾಗಾಗಿ ನಮ್ಮ ಕಡೆ ಕೋರೋ ಬೇಕಾದಷ್ಟು, ಬೆಲೆಯೂ ಕಮ್ಮಿ. ಕಲಿಯೋಕೆ ಅದೇ ಒಳ್ಳೆಯದು.

ಲಂಡನ್‌ನಿಂದ

ಮೇಲಿನವರು ಹೇಳಿದ್ದೆಲ್ಲ ಸರಿ. ನಾನು ಬಟ್ಟೆಯ ಕಡೆಯಿಂದ ಹೇಳುತ್ತೇನೆ, ಯಾಕಂದರೆ ಕುತ್ತಿಗೆಯ ಕಟಿಂಗ್ ನೋಡದೆ ಈ ಸರಗಳು ಅರ್ಥವಾಗೋದಿಲ್ಲ.

1920ರ ದಶಕದಲ್ಲಿ ಫ್ರಾಕು ಸೊಂಟವೇ ಇಲ್ಲದಂತೆ ನೇರ ಇಳಿಯಿತು. ಆಗ ಹೊಟ್ಟೆಯವರೆಗೆ ಜೋಲಾಡೋ ಉದ್ದ ಮಣಿಸರ ಬಂತು. ಅದೇ ಕಾಲದಲ್ಲಿ ಪ್ಯಾರಿಸ್‌ನಲ್ಲಿ ಉಡುಪು ವಿನ್ಯಾಸಕಿ ಕೊಕೊ ಶನೆಲ್ ನಕಲಿ ಮುತ್ತನ್ನು ಅಸಲಿ ಮುತ್ತಿನ ಜೊತೆಗೇ ಹಾಕಿಕೊಂಡು ಓಡಾಡಿದರು. ಶ್ರೀಮಂತರು ನಕಲಿ ಹಾಕೋದು ನಾಚಿಕೆಯ ವಿಷಯವಾಗಿದ್ದ ಕಾಲ ಅದು. ಅಲ್ಲಿಂದ ಗಾಜಿನ ಒಡವೆ ಬಡವರ ಚಿನ್ನವಾಗಿ ಉಳಿಯಲಿಲ್ಲ, ತನ್ನದೇ ಒಂದು ಶೈಲಿಯಾಯಿತು. ಇನ್ನೊಬ್ಬ ಉಡುಪು ವಿನ್ಯಾಸಕಿ ಎಲ್ಸಾ ಸ್ಕಿಯಾಪರೆಲ್ಲಿ 1938ರಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನ ಪಟ್ಟಿಯ ಮೇಲೆ ಬಣ್ಣದ ಲೋಹದ ಹುಳುಗಳನ್ನು ಕೂರಿಸಿ ನೆಕ್ಲೇಸ್ ಮಾಡಿದರು. ಹಾಕಿಕೊಂಡರೆ ಹುಳುಗಳು ಮೈಮೇಲೇ ಹರಿದಾಡಿದ ಹಾಗೆ ಕಾಣಬೇಕು ಅಂತ! ಚಿನ್ನದಲ್ಲಿ ಇಂಥ ಧೈರ್ಯ ಯಾರೂ ಮಾಡುತ್ತಿರಲಿಲ್ಲ. 1947ರಲ್ಲಿ ಪ್ಯಾರಿಸ್ ವಿನ್ಯಾಸಕ ಡಿಯೋರ್ ಅವರ "ನ್ಯೂ ಲುಕ್" ಉಡುಪುಗಳು ಬಂದ ಮೇಲೆ ಸೊಂಟ ಬಿಗಿಯಾಯಿತು, 50ರ ದಶಕದ ಪಾರ್ಟಿ ಗೌನುಗಳ ಕತ್ತು ಅಗಲವಾಯಿತು. ಕುತ್ತಿಗೆಗೆ ಅಂಟಿಕೊಂಡ ಹರಳಿನ ನೆಕ್ಲೇಸು, ಅದಕ್ಕೆ ಜೋಡಿ ಓಲೆ, ಬಳೆ ಆಗ ಮೆರೆದವು.

ಅಮೆರಿಕದಲ್ಲಿ 1953ರಲ್ಲಿ ಅಧ್ಯಕ್ಷರ ಪತ್ನಿ ಮೇಮಿ ಐಸೆನ್‌ಹೋವರ್ ಪ್ರಮಾಣವಚನದ ರಾತ್ರಿಯ ನೃತ್ಯಕೂಟಕ್ಕೆ ಹಾಕಿಕೊಂಡದ್ದು ಟ್ರಿಫಾರಿಯ ನಕಲಿ ಮುತ್ತಿನ ಸರ. ಟ್ರಿಫಾರಿಯ ವಿನ್ಯಾಸಕ ಆಲ್ಫ್ರೆಡ್ ಫಿಲಿಪ್ ಹಿಂದೆ ಕಾರ್ಟಿಯೇ, ವ್ಯಾನ್ ಕ್ಲೀಫ್‌ನಂಥ ದೊಡ್ಡ ಒಡವೆ ಮನೆಗಳಿಗೆ ಅಸಲಿ ರತ್ನದಲ್ಲಿ ಕೆಲಸ ಮಾಡಿದವರು.

ಸೀರೆಗೆ ಅಂದಿರಲ್ಲ, ಟ್ರಿಫಾರಿಯ "ಫ್ರೂಟ್ ಸಲಾಡ್" ಹುಡುಕಿ. ನಮ್ಮ ದೇಶದಲ್ಲಿ ಎಲೆ, ಹೂವಿನ ಆಕಾರಕ್ಕೆ ಕೆತ್ತಿದ ಕೆಂಪು, ಪಚ್ಚೆ, ನೀಲಿ ಕಲ್ಲುಗಳನ್ನು ಕಾರ್ಟಿಯೇ ಪ್ಲಾಟಿನಂನಲ್ಲಿ ಕೂರಿಸಿತ್ತು. ಅದನ್ನು ನೋಡಿ ಟ್ರಿಫಾರಿಯವರು 1930ರ ದಶಕದಲ್ಲಿ ಅಚ್ಚಿನ ಗಾಜಿನಲ್ಲಿ ಮಾಡಿದರು. ಮೈಸೂರು ಸಿಲ್ಕಿನ ಮೇಲೆ ಅದು ಎಷ್ಟು ಚೆನ್ನಾಗಿ ಕೂರುತ್ತದೆ ಅಂತ ಹಾಕಿ ನೋಡಿದವರಿಗೇ ಗೊತ್ತು.

ಬೆಂಗಳೂರಿನಿಂದ

ಒಂದೇ ಮಾತು. ಊರಿಗೆ ಬಂದಾಗ ಚಿನ್ನದ ಸರದ ಜೊತೆ ಇದನ್ನೂ ಪಾಲಿಶ್‌ಗೆ ಕೊಡಬೇಡಿ, ಮೇಲಿನ ಹಳೇ ಲೇಪ ಹೋದರೆ ಅರ್ಧ ಬೆಲೆಯೂ ಹೋಯಿತು. ದಾರ ಸವೆದಿದ್ದರೆ ಮಾತ್ರ ಪೋಣಿಸೋಕೆ ಕೊಡಿ, ಮುತ್ತು ಮುತ್ತಿನ ನಡುವೆ ಗಂಟು ಹಾಕಿಸಿ, ಹಳೇ ಕೊಕ್ಕೆಯನ್ನೇ ವಾಪಸ್ ಹಾಕೋಕೆ ಹೇಳಿ. ನಮ್ಮ ಚಿಕ್ಕಪೇಟೆ ಕಡೆ ಈ ಕೆಲಸ ಅಚ್ಚುಕಟ್ಟಾಗಿ ಮಾಡುವವರಿದ್ದಾರೆ. ನೀರಿಗಂತೂ ಹಾಕಲೇಬೇಡಿ. ಹರಳಿನ ಬೆನ್ನಿಗೆ ತೆಳು ಬೇಗಡೆ ಹಚ್ಚಿರುತ್ತಾರೆ, ತೇವ ಒಳಗೆ ಹೋದರೆ ಹರಳು ಕಪ್ಪಾಗುತ್ತದೆ, ಮತ್ತೆ ಬೆಳಗೋದಿಲ್ಲ.

ಪ್ರಶ್ನೆ ಕೇಳಿದವರು

ತುಂಬ ಧನ್ಯವಾದ! ಎರಡು ಕಣ್ಣಿಗೆ ಬಿದ್ದಿವೆ. ಒಂದು ನೀಲಿ ಹರಳಿನ ಗಿಡ್ಡ ನೆಕ್ಲೇಸ್, ಅಲುಗಾಡಿಸಿದರೆ ಹರಳಿನಲ್ಲಿ ಕಾಮನಬಿಲ್ಲಿನ ಬಣ್ಣ ಬರುತ್ತದೆ, "1940ರದ್ದು" ಅಂತ ಚೀಟಿ ಇದೆ. ಇನ್ನೊಂದು ಬೆಣ್ಣೆ ಬಣ್ಣದ ದಪ್ಪ ಮಣಿಸರ, ಬೇಕಲೈಟ್ (ಹಳೇ ಕಾಲದ ಗಟ್ಟಿ ಪ್ಲಾಸ್ಟಿಕ್) ಅಂತ ಹೇಳಿದರು. ಹಿಂದೆ ಹಸಿರು ಹಸಿರಾಗಿ ಏನೋ ಕಟ್ಟಿದೆ.

ಬಾಸ್ಟನ್ ಹತ್ತಿರದಿಂದ

ನೀಲಿಯದು 1940ರದ್ದಾಗಿರೋಕೆ ಸಾಧ್ಯವಿಲ್ಲ. ಆ ಕಾಮನಬಿಲ್ಲಿನ ಲೇಪದ ಹೆಸರು ಅರೋರಾ ಬೊರಿಯಾಲಿಸ್, ಹರಳು ಮಾಡುವ ಸ್ವರೋವ್ಸ್ಕಿ ಕಂಪನಿ ಡಿಯೋರ್ ಜೊತೆ ಸೇರಿ ತಂದದ್ದು 1950ರ ದಶಕದ ಮಧ್ಯದಲ್ಲಿ. ಚೆನ್ನಾಗಿದ್ದರೆ ತೆಗೆದುಕೊಳ್ಳಿ, ಆದರೆ ಈ ಮಾತು ಅಂಗಡಿಯವರಿಗೆ ಮೆತ್ತಗೆ ಹೇಳಿ ಬೆಲೆ ಇಳಿಸಿ. ಹರಳನ್ನು ಒಂದೊಂದಾಗಿ ನೋಡಿ, ಬೇರೆ ಛಾಯೆಯದು ಸೇರಿದ್ದರೆ ಬದಲಾಯಿಸಿದ್ದಾರೆ ಅಂತ ಅರ್ಥ.

ಮಣಿಸರವನ್ನು ಹೆಬ್ಬೆರಳಿನಿಂದ ಬಿಸಿ ಆಗುವವರೆಗೆ ಉಜ್ಜಿ ಮೂಸಿ ನೋಡಿ. ಬೇಕಲೈಟ್ ಆದರೆ ಆಸ್ಪತ್ರೆಯ ಫಾರ್ಮಲಿನ್ ವಾಸನೆ, ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್, ಅದೂ ಒಂದು ಹಳೇ ಪ್ಲಾಸ್ಟಿಕ್. ಬಿಸಿ ಸೂಜಿ ಚುಚ್ಚಿ ನೋಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಸೆಲ್ಯುಲಾಯ್ಡ್ ಧಗ್ ಅಂತ ಹತ್ತಿಕೊಳ್ಳುತ್ತದೆ. ಹಸಿರಾಗಿರೋದು ಕಿಲುಬು. ಅಲ್ಲೊಂದು ಇಲ್ಲೊಂದು ಚುಕ್ಕೆ ಇದ್ದರೆ ಹಲ್ಲುಕಡ್ಡಿಯಲ್ಲಿ ಕೆರೆದು, ಹತ್ತಿಗೆ ಸ್ವಲ್ಪ ವಿನೆಗರ್ ಹಚ್ಚಿ ಆ ಜಾಗವನ್ನಷ್ಟೇ ಒರೆಸಿ, ಚೆನ್ನಾಗಿ ಒಣಗಿಸಿ, ಬೇರೆ ಒಡವೆಗಳ ಜೊತೆ ಇಡಬೇಡಿ. ಬುಡಕ್ಕೇ ಇಳಿದಿದ್ದರೆ ಬಿಟ್ಟುಬಿಡಿ.

ಲಂಡನ್‌ನಿಂದ

ಇನ್ನೊಂದು ವಿಷಯ. ಅಂಗಡಿಯಲ್ಲೇ ಹಾಕಿ ನೋಡಿ. 50ರ ದಶಕದ ಈ ನೆಕ್ಲೇಸ್‌ಗಳು 14, 15 ಇಂಚಿನವು, ಈಗಿನವರಿಗೆ ಬಿಗಿ ಆಗೋದುಂಟು. ಕತ್ತರಿಸಿ ಬೆಸೆಯೋದು ಬೇಡ, ಕೊಕ್ಕೆಗೆ ಸಿಕ್ಕಿಸೋ ಎರಡು ಇಂಚಿನ ಸರಪಳಿ ಸಿಗುತ್ತದೆ, ಕೂದಲು ಬಿಟ್ಟರೆ ಅದು ಕಾಣೋದೇ ಇಲ್ಲ. ನಿಕ್ಕಲ್ ಅಲರ್ಜಿ ಇದ್ದವರು ಬ್ಲೌಸಿನ ಕಾಲರ್ ಮೇಲೆ ಹಾಕಿಕೊಳ್ಳಿ. ಹಳೇ ಲೋಹದಲ್ಲಿ ಸೀಸವೂ ಇರಬಹುದು, ಸಣ್ಣ ಮಕ್ಕಳ ಬಾಯಿಗೆ ಸಿಗದ ಹಾಗೆ ನೋಡಿಕೊಳ್ಳಿ.