ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಅಪ್ರೆಂಟಿಸ್‌ಶಿಪ್: ಮಾಡಿದವರ ಅನುಭವ ಬೇಕಾಗಿದೆ

ಪ್ರಶ್ನೆ: ನನ್ನ ತಮ್ಮ ಐಟಿಐಯಲ್ಲಿ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಟ್ರೇಡ್ ಮುಗಿಸಿದ್ದಾನೆ. ಒಂದು ವರ್ಷದ ಅಪ್ರೆಂಟಿಸ್‌ಶಿಪ್‌ಗೆ ಕರೆ ಬಂದಿದೆ. ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ಅವಕಾಶವೂ ಇದೆ. ಯಾವುದು ಒಳ್ಳೆಯದು?

ಮಂಗಳೂರಿನಿಂದ: 2022ರಲ್ಲಿ ನನಗೆ ಸಿಗುತ್ತಿದ್ದ ಸ್ಟೈಪೆಂಡ್ 7,000 ರೂಪಾಯಿ. ಕೋಣೆ ಬಾಡಿಗೆಗೆ 2,200, ಮೆಸ್ಸಿಗೆ 3,000, ಬಸ್ಸಿಗೆ 900 ಹೋದರೆ ಉಳಿಯುತ್ತಿದ್ದದ್ದು ಇನ್ನೊಂದು 900. ಸೇಫ್ಟಿ ಶೂ ಕೊಂಡ ತಿಂಗಳು ಅದೂ ಇಲ್ಲ. ಆದರೂ ಸೇರಿದ್ದಕ್ಕೆ ನನಗೆ ಹೆಮ್ಮೆಯಿದೆ. ದುರಸ್ತಿಗೆಂದು ಕಾರ್ಖಾನೆ ನಿಲ್ಲಿಸುವ ಶಟ್‌ಡೌನ್ ಸಮಯದಲ್ಲಿ ದಿನವಿಡೀ ಲೂಪ್ ಚೆಕ್, ಅಂದರೆ ಉಪಕರಣದ ಸಂಕೇತ ಕಂಟ್ರೋಲ್ ರೂಮಿಗೆ ಸರಿಯಾಗಿ ತಲುಪುತ್ತದೆಯೇ ಎಂಬ ಪರೀಕ್ಷೆ ಮಾಡುತ್ತಿದ್ದೆವು: ಫೀಲ್ಡ್‌ನಿಂದ 4ರಿಂದ 20ರ ನಟ್ಟನಡುವಿನ 12 ಮಿಲಿಆಂಪಿಯರ್ ಕೊಟ್ಟಾಗ ಕಂಟ್ರೋಲ್ ರೂಮಿನಲ್ಲಿ ಶೇ. 50 ಕಾಣದಿದ್ದರೆ, ಜಂಕ್ಷನ್ ಬಾಕ್ಸ್‌ಗಳನ್ನು ಒಂದೊಂದಾಗಿ ಬಿಚ್ಚುತ್ತ ಹೋಗಬೇಕಿತ್ತು. ಆ ಕಲಿಕೆ ತರಗತಿಯಲ್ಲಿ ದಕ್ಕುವುದಲ್ಲ.

ಹೊಸಪೇಟೆಯಿಂದ: ಅದು ನಿಮ್ಮ ಪುಣ್ಯ. ನನ್ನನ್ನು ಮೊದಲ ನಾಲ್ಕು ತಿಂಗಳು ಸ್ಟೋರಿನಲ್ಲಿ ಕೇಬಲ್ ಗ್ಲ್ಯಾಂಡ್ ಎಣಿಸಲು ಕೂರಿಸಿದ್ದರು. ಐದನೆಯ ತಿಂಗಳು ಒಂದು ಪಿಟಿ-100 ಸೆನ್ಸರ್ (ಬಿಸಿ ಏರಿದಂತೆ ಏರುವ ತನ್ನ ವಿದ್ಯುತ್ ರೋಧದಿಂದ ತಾಪಮಾನ ತಿಳಿಸುವಂಥದ್ದು) ಐದು ಡಿಗ್ರಿ ಹೆಚ್ಚು ತೋರಿಸಿದಾಗ, ಕ್ಯಾಲಿಬ್ರೇಷನ್ ಕೆಡಿಸಿದವನು ನಾನೇ ಎಂದು ಎಲ್ಲರೆದುರು ಬೈದರು. ಅದಕ್ಕೆ ಎಳೆದಿದ್ದದ್ದು ಎರಡೇ ತಂತಿ, ಡಿಗ್ರಿಗೆ 0.385 ಓಮ್ ಎಂದು ಲೆಕ್ಕ ಹಾಕಿದರೆ, ಕೇಬಲ್ಲಿನ ಎರಡು ಓಮ್ ರೋಧವೊಂದೇ ಆ ಐದು ಡಿಗ್ರಿಗೆ ಸಾಕು. ಹೇಳಿದರೂ ಕೇಳಲಿಲ್ಲ. ಪರೀಕ್ಷೆ ಪಾಸಾದ ಮೇಲೆ ಪ್ರಮಾಣಪತ್ರ ಕೊಟ್ಟು ಗೇಟ್‌ಪಾಸ್ ಕಿತ್ತುಕೊಂಡರು. ಕಲಿಸಿದವರು ಕೆಲಸ ಕೊಡಲೇಬೇಕೆಂದು 1961ರ ಅಪ್ರೆಂಟಿಸ್ ಕಾಯ್ದೆ ಕಟ್ಟುಮಾಡುವುದಿಲ್ಲ.

ನಂಜನಗೂಡಿನಿಂದ: ತಪ್ಪು ಪೂರ್ತಿ ಅವರದಲ್ಲ. ಸೆನ್ಸರ್ ಹೆಡ್‌ನಲ್ಲಿ ತಂತಿ ಬಿಚ್ಚಿ ಡೆಕೇಡ್ ಬಾಕ್ಸ್‌ನಿಂದ (ಬೇಕಾದಷ್ಟು ರೋಧ ಹೊಂದಿಸಿ ಕೊಡುವ ಪೆಟ್ಟಿಗೆ) ನೂರು ಡಿಗ್ರಿಗೆ ಸಮನಾದ 138.5 ಓಮ್ ಕೊಟ್ಟಿದ್ದರೆ, ನೂರರ ಬದಲು ನೂರೈದು ಅಲ್ಲೇ ಕಾಣುತ್ತಿತ್ತು. ಬಾಯಿಮಾತಿನ ಬದಲು ಅದನ್ನು ತೋರಿಸಬೇಕಿತ್ತು. ನಾನು ಡಿಪ್ಲೊಮಾಕ್ಕೆಂದು 1,10,000 ರೂಪಾಯಿ ಸಾಲ ಮಾಡಿ ಇಂದಿಗೂ ಕಂತು ಕಟ್ಟುತ್ತಿದ್ದೇನೆ, ಆದರೆ ಇಂಥ ಪರೀಕ್ಷೆಯನ್ನು ಪ್ರಯೋಗಾಲಯದಲ್ಲಿ ನಾನೇ ಮಾಡಿ ಕಲಿತೆ.

ಮಂಗಳೂರಿನಿಂದ: ಪ್ರಯೋಗಾಲಯದಲ್ಲಿ ಮೇಜಿನ ಮೇಲೆ ಒಂದು ಮೀಟರ್ ತಂತಿ ಇರುತ್ತದೆ, ಸ್ವಾಮಿ. ಮುನ್ನೂರು ಮೀಟರ್ ಕೇಬಲ್ ಟ್ರೇ ಹತ್ತಿದವರಿಗೆ ಪಾಠ ಹೇಳಬೇಡಿ.

ಹೊಸಪೇಟೆಯಿಂದ: ಡೆಕೇಡ್ ಬಾಕ್ಸ್ ಇದ್ದ ಕಪಾಟಿನ ಬೀಗದಕೈ ಸೀನಿಯರ್ ಜೇಬಿನಲ್ಲಿತ್ತು. ಮೂರು ಸಲ ಕೇಳಿದೆ. ಅಪ್ರೆಂಟಿಸ್ ಮುಟ್ಟುವ ವಸ್ತುವಲ್ಲ ಎಂದರು. ನಾನು ಹೊರಬಿದ್ದ ಮರುತಿಂಗಳು ಅದೇ ಸೆನ್ಸರ್‌ಗೆ, ಕೇಬಲ್ಲಿನ ರೋಧವನ್ನು ಲೆಕ್ಕದಿಂದ ಕಳೆಯಲು ಬೇಕಾದ ಮೂರನೆಯ ತಂತಿ ಎಳೆದರೆಂದು ಗೆಳೆಯನೊಬ್ಬ ಹೇಳಿದ.